ಬಿಜಾಗ್ರಿಯ ಅಡಿಯ ಹಸಿರು

ಆಲೂರು ತಾಲ್ಲೂಕಿನ ನಮ್ಮ ಹಳೆಯ ಮನೆಯ ಹೆಬ್ಬಾಗಿಲು ಹಲಸಿನದು. ಜಗಲಿಯ ಮಾಡು ಎಷ್ಟೇ ಮುಂದಕ್ಕೆ ಚಾಚಿದ್ದರೂ ಆಷಾಢದ ಎರಚಲು ಬಾಗಿಲಿನ ಕಾಲು ಮುಟ್ಟದೆ ಬಿಡುವುದಿಲ್ಲ. ವರ್ಷ ವರ್ಷ ಹಾಗೆ ನೆನೆದೂ ನೆನೆದೂ ಎರಡು ಕದಗಳ ಕೆಳಗಿನ ಹಲಗೆ ಲಡ್ಡು ಹಿಡಿದು, ಬೆರಳಿಟ್ಟರೆ ಒಳಗೆ ಹೋಗುವಂತಾಯಿತು. ಬಡಗಿ ಬಂದು ಅಷ್ಟನ್ನೇ ಕೊಯ್ದು ತೆಗೆದು, ಅದೇ ಜಾತಿಯ ಮರದ ಹೊಸ ಹಲಗೆ ಕೂಡಿಸಿಕೊಟ್ಟು ಹೋದ. ಅಚ್ಚುಕಟ್ಟಾದ ಕೆಲಸ. ಮೇಲೆ ಹಳೆಯ ಹಸಿರು ಬಣ್ಣ, ಕೆಳಗೆ ಹಲಸಿನ ಹಸಿ ಹಳದಿ. ಇನ್ನು ಉಳಿದದ್ದು ಹೊಸ ಹಲಗೆಗೆ ಹಳೆಯ ಹಸಿರು ಬಳಿಯುವುದು.

ಅದೊಂದು ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಫೋನಿನಲ್ಲಿ ಬಾಗಿಲಿನ ಫೋಟೊ ತೆಗೆದುಕೊಂಡು ಪೇಟೆಯ ಬಣ್ಣದ ಅಂಗಡಿಗೆ ಹೋದೆ. ಮನೆಯ ಅಟ್ಟದಲ್ಲಿ ಸಿಕ್ಕಿದ ತುಕ್ಕು ಹಿಡಿದ ಡಬ್ಬಿಯ ಮೇಲೆ ಅರ್ಧ ಅಳಿಸಿದ ಒಂದು ನಂಬರ್ ಇತ್ತು, ಅದನ್ನೂ ಬರೆದುಕೊಂಡಿದ್ದೆ. ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ, "ಈ ನಂಬರ್ ನಿಂತು ಎಷ್ಟೋ ವರ್ಷ ಆಯ್ತು ಸರ್, ಹತ್ತಿರದ್ದು ಕೊಡ್ಲಾ?" ಎಂದ. ಹತ್ತಿರದ್ದನ್ನೇ ತಂದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಫೋಟೊಕ್ಕೂ ಡಬ್ಬಿಯೊಳಗಿನ ಬಣ್ಣಕ್ಕೂ ವ್ಯತ್ಯಾಸವೇ ಕಂಡಿರಲಿಲ್ಲ. ಮನೆಯಲ್ಲಿ ಒಂದು ಕೈ ಹೊಡೆದು ನೋಡಿದರೆ ಗಿಳಿಯ ರೆಕ್ಕೆ. ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ ನೋಡಿ, "ಇದು ನಮ್ ಬಾಗ್ಲಲ್ಲ ಕಣಪ್ಪಾ" ಎಂದರು. ಅವರು ಆ ಬಾಗಿಲು ತೆಗೆದು ಹಾಕಿ ಐವತ್ತು ವರ್ಷ ಕಳೆದವರು. ಅವರ ಕಣ್ಣು ಸುಳ್ಳು ಹೇಳುವುದಿಲ್ಲ.

ಫೋಟೊ ಸುಳ್ಳು ಹೇಳುತ್ತದೆ. ಬೆಳಕು ಹಳದಿಯಿದ್ದರೂ ನೀಲಿಯಿದ್ದರೂ ಬಿಳಿ ಬಿಳಿಯಾಗಿಯೇ ಕಾಣಲಿ ಎಂದು ಫೋನಿನ ಕ್ಯಾಮೆರಾ ತಾನಾಗಿಯೇ ಬಣ್ಣಗಳನ್ನು ತಿದ್ದುತ್ತದೆ. ಆ ತಿದ್ದಿದ ಚಿತ್ರವನ್ನು ಫೋನಿನ ಪರದೆ ತನ್ನ ರೀತಿಯಲ್ಲಿ ತೋರಿಸುತ್ತದೆ. ಅದನ್ನು ಹಿಡಿದುಕೊಂಡು ಬಣ್ಣ ಕೇಳಲು ಹೋಗಬಾರದು. ಇದು ನಾನು ಕಲಿತ ಮೊದಲ ಪಾಠ.

ನಂಬರ್ ಯಾಕೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಬಣ್ಣದ ಡಬ್ಬಿಯ ಹಿಂದಿನ ಕಥೆ ಸ್ವಲ್ಪ ಗೊತ್ತಿರಬೇಕು. ಹೌರಾದಲ್ಲಿ ಶಾಲಿಮಾರ್ ಕಾರ್ಖಾನೆ ಶುರುವಾದದ್ದು 1902ರಲ್ಲಿ. ಮುಂಬೈಯ ಏಷ್ಯನ್ ಪೇಂಟ್ಸ್ ಹುಟ್ಟಿದ್ದು 1942ರಲ್ಲಿ. ಅದರ ಡಬ್ಬಿಯ ಮೇಲೆ ಬ್ರಷ್ ಹಿಡಿದು ನಿಂತ ತುಂಟ ಗಟ್ಟುವನ್ನು 1954ರಲ್ಲಿ ಬರೆದುಕೊಟ್ಟವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಮೈಸೂರಿನಲ್ಲೇ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಡಿನ ಅರಗನ್ನು ನಂಬಿ ಅರಗು ಮತ್ತು ಬಣ್ಣದ ಕಾರ್ಖಾನೆ ಕಟ್ಟಿಸಿದರು. 1962ರ ಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುತ್ತಿರುವ ಅಳಿಸಲಾಗದ ಶಾಯಿಯಿಂದ ಹೆಸರಾದ ಮೈಸೂರು ಪೇಂಟ್ಸ್ ಅದೇ. ಆ ಕಾಲದಲ್ಲೆಲ್ಲ ಬಣ್ಣವನ್ನು ಕಾರ್ಖಾನೆಯಲ್ಲೇ ಅರೆದು, ಬೆರೆಸಿ, ಡಬ್ಬಿಗೆ ತುಂಬಿ, ಮುಚ್ಚಳ ಬಡಿದು ಕಳಿಸುತ್ತಿದ್ದರು. ಅಂಗಡಿಯವನ ಕಪಾಟಿನಲ್ಲಿ ಎಷ್ಟು ಬಣ್ಣದ ಡಬ್ಬಿ ಹಿಡಿಯುತ್ತದೋ ಊರಿನಲ್ಲೂ ಅಷ್ಟೇ ಬಣ್ಣ. ಸಕಲೇಶಪುರ, ಬಾಳ್ಳುಪೇಟೆ, ಆಲೂರಿನ ಹಳೆಯ ಮನೆಗಳಲ್ಲಿ ಅದೇ ನಾಲ್ಕು ಹಸಿರು, ಅದೇ ಎರಡು ನೀಲಿ, ಅದೇ ಕೆನೆಬಣ್ಣ ಮತ್ತೆ ಮತ್ತೆ ಕಾಣುವುದು ಇದಕ್ಕೇ. ನಿಧಾನಕ್ಕೆ ಹೋಗುವ ಬಣ್ಣವನ್ನು ಕಂಪನಿ ಮುಂದಿನ ಶೇಡ್ ಕಾರ್ಡಿನಿಂದ ತೆಗೆದುಹಾಕುತ್ತಿತ್ತು.

1990ರ ದಶಕದ ಕೊನೆಯಿಂದೀಚೆಗೆ ಅಂಗಡಿಗೇ ಬಣ್ಣ ಬೆರೆಸುವ ಯಂತ್ರ ಬಂತು. ಈಗ ಡಬ್ಬಿಯಲ್ಲಿರುವುದು ಬರೀ ಬಿಳಿಯ ಬೇಸು. ಗಾಢ ಬಣ್ಣ ಬೇಕಿದ್ದರೆ ಬಿಳಿ ಕಡಿಮೆಯಿರುವ ಬೇರೆ ಬೇಸು. ಅದಕ್ಕೆ ಯಂತ್ರ ಹತ್ತು ಹನ್ನೆರಡು ಬಗೆಯ ಸ್ಟೇನರುಗಳಿಂದ ಅಳತೆ ಮಾಡಿ ಹನಿ ಬಿಡುತ್ತದೆ, ಡಬ್ಬಿ ಕುಲುಕುತ್ತದೆ, ಆಯಿತು. ಸಾವಿರಕ್ಕೂ ಹೆಚ್ಚು ಬಣ್ಣ ಈಗ ಕೈಗೆ ಸಿಗುತ್ತವೆ. ಆದರೂ ಅಜ್ಜ ಬಳಿಸಿದ ಹಸಿರು ಮಾತ್ರ ಅಲ್ಲಿಲ್ಲ. ಯಂತ್ರಕ್ಕೆ ಗೊತ್ತಿರುವುದು ಕಂಪನಿ ಬರೆದುಕೊಟ್ಟ ಪಾಕ ಮಾತ್ರ.

ಹಳೆಯ ನಂಬರಿನಲ್ಲಿ ಇವತ್ತಿಗೂ ಜೀವಂತವಾಗಿರುವ ಬಣ್ಣಗಳು ಕೆಲವಿವೆ. ಸಿದ್ಧ ಬಣ್ಣ ಮತ್ತು ಎನಾಮೆಲುಗಳಿಗೆ ಭಾರತೀಯ ಮಾನಕ ಸಂಸ್ಥೆಯದೇ ಒಂದು ಬಣ್ಣದ ಪಟ್ಟಿಯಿದೆ, ಐಎಸ್ 5 ಎಂದು ಅದರ ಹೆಸರು. ಹಳೆಯ ಬ್ರಿಟಿಷ್ ಪಟ್ಟಿಯ ಮಾದರಿಯಲ್ಲೇ ಮೂರಂಕಿ ಸಂಖ್ಯೆಗಳು. ಅಂಚೆ ಡಬ್ಬಿಯ ಕೆಂಪಿಗೆ 538, ಸಿಗ್ನಲ್ ಕೆಂಪಿಗೆ 537. ಕಂಪನಿಯ ಹೆಸರು ಬದಲಾದರೂ, ಶೇಡ್ ಕಾರ್ಡು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ನಿಮ್ಮ ಮನೆಯ ಗೇಟು, ಕಂಬಿ, ತಗಡಿನ ಮಾಡಿಗೆ ಹಿಂದೆ ಬಳಿದದ್ದು ಇಂಥ ಸರ್ಕಾರಿ ಬಣ್ಣವಾಗಿದ್ದರೆ ಹುಡುಕುವ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮೊದಲು ಅಲ್ಲಿ ನೋಡಿ. ನಮ್ಮದು ಅಲ್ಲಿರಲಿಲ್ಲ.

ನಂಬರ್ ಸಿಕ್ಕಿದ್ದರೂ ಬಣ್ಣ ಸಿಗುತ್ತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಹಿಂದಿನ ಬಾಗಿಲು ಕಿಟಕಿಗಳ ಹಸಿರು ಬಹುತೇಕ ಕ್ರೋಮ್ ಹಸಿರು. ಅದು ಒಂದೇ ವಸ್ತುವಲ್ಲ, ಎರಡರ ಬೆರಕೆ: ಕ್ರೋಮ್ ಹಳದಿ ಮತ್ತು ಪ್ರಷ್ಯನ್ ನೀಲಿ. ನೀಲಿ ಹೆಚ್ಚಾದರೆ ಕಾಡಿನ ಕಪ್ಪು ಹಸಿರು, ಹಳದಿ ಹೆಚ್ಚಾದರೆ ಚಿಗುರಿನ ಹಸಿರು. ಮರೆಮಾಡುವ ಶಕ್ತಿ ಚೆನ್ನಾಗಿದೆ, ಬೆಲೆ ಕಡಿಮೆ. ಒಂದೇ ಕೈಗೆ ಹಳೆಯ ಮರ ಪೂರ್ತಿ ಮುಚ್ಚಿಹೋಗುತ್ತಿತ್ತು. ಆದರೆ ಕ್ರೋಮ್ ಹಳದಿ ಎಂದರೆ ಲೆಡ್ ಕ್ರೋಮೇಟ್, ಸೀಸದ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚಿರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರ್ 1ರಿಂದ ಜಾರಿಗೆ ತಂದಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ವೆಂಕಟೇಶ್ ತುಪ್ಪಿಲ್ ಅವರಂಥವರು ಮಕ್ಕಳ ರಕ್ತದಲ್ಲಿ ಸೇರುವ ಸೀಸದ ಬಗ್ಗೆ ವರ್ಷಗಟ್ಟಲೆ ಮಾತಾಡಿದ್ದರ ಫಲವೂ ಇದರಲ್ಲಿದೆ. ನಿಯಮ ಸರಿಯಾದದ್ದು. ಇಷ್ಟು ಸೀಸ ಒಳಗೆ ಹೋದರೆ ತೊಂದರೆಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾಗಿ ನಮ್ಮ ಬಾಗಿಲಿನ ಹಸಿರನ್ನು ಅದೇ ಪಾಕದಲ್ಲಿ ಇನ್ನು ಯಾರೂ ಮಾಡಿಕೊಡಲಾರರು, ಮಾಡಲೂಬಾರದು. ಈಗಿನ ಹಸಿರು ಬರುವುದು ಥ್ಯಾಲೋಸಯನಿನ್ ಎಂಬ ತಾಮ್ರದ ಸಂಯುಕ್ತದಿಂದ, ಹಳದಿ ಆಕ್ಸೈಡಿನಿಂದ, ಸೀಸವಿಲ್ಲದ ಬೇರೆ ಹಳದಿಗಳಿಂದ. ಬೇರೆ ಸಾಮಾನಿನಿಂದ ಅದೇ ರುಚಿಯ ಸಾರು ಮಾಡುವ ಕೆಲಸ ಇದು.

ಸೀಸದ ಮಾತು ಬಂದದ್ದರಿಂದ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಬಾಗಿಲನ್ನು ಒಣ ಸ್ಯಾಂಡ್‌ಪೇಪರಿನಿಂದ ಉಜ್ಜಬೇಡಿ. ಬೆಂಕಿಯ ಜ್ವಾಲೆ ಹಿಡಿದು ಬಣ್ಣ ಸುಲಿಯಬೇಡಿ. ಉಜ್ಜಲೇಬೇಕಾದರೆ ನೀರು ಹಾಕಿ ಉಜ್ಜಿ, ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಬಿದ್ದ ಚಕ್ಕೆಯನ್ನೆಲ್ಲ ಕೂಡಿಸಿ ತೆಗೆಯಿರಿ. ಮಕ್ಕಳು, ಬಸುರಿಯರು ಆ ದಿನ ಆ ಕಡೆ ಸುಳಿಯಬಾರದು. ಕೋಳಿ ಕೆದಕುವ ಅಂಗಳಕ್ಕೆ ಆ ಚಕ್ಕೆ ಬೀಳಬಾರದು. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣವನ್ನು ಕೆದಕದೆ ಹಾಗೇ ಬಿಡುವುದು ಎಲ್ಲಕ್ಕಿಂತ ಕ್ಷೇಮ. ಇಡೀ ಬಾಗಿಲು ಸುಲಿದು ಹೊಸದಾಗಿ ಬಳಿಯೋಣ ಎಂದು ಮನೆಯಲ್ಲಿ ಕೆಲವರು ಹೇಳಿದಾಗ ನಾನು ಬೇಡವೆಂದದ್ದು ಇದೇ ಕಾರಣಕ್ಕೆ. ಹೊಸ ಹಲಗೆಯೇ ಹಳೆಯ ಬಾಗಿಲಿಗೆ ಹೊಂದಿಕೊಳ್ಳಬೇಕು ಎಂದು ತೀರ್ಮಾನಿಸಿದೆವು.

ಹಾಗಾದರೆ ಹಳೆಯ ಬಾಗಿಲಿನ ಬಣ್ಣ ಯಾವುದು? ಉತ್ತರ ಹೇಳುವುದು ನಾನಂದುಕೊಂಡಷ್ಟು ಸುಲಭವಾಗಿರಲಿಲ್ಲ. ಬಿಸಿಲು ಬೀಳುವ ಕಡೆ ಒಂದು ಹಸಿರು, ಚಿಲಕದ ಸುತ್ತ ಕೈತಾಗಿ ತಾಗಿ ಇನ್ನೊಂದು, ಮೇಲ್ಭಾಗದಲ್ಲಿ ಹೊಗೆ ಕೂತು ಮತ್ತೊಂದು. ಬಡಗಿ ಒಂದು ಬಿಜಾಗ್ರಿಯ ತಿರುಪು ಬಿಚ್ಚಿ ತಗಡು ಎತ್ತಿದ. ಅಡಿಯಲ್ಲಿ ಹೊಳೆಯುವ ಹಸಿರು, ಎಣ್ಣೆಯಲ್ಲಿ ಅದ್ದಿದಂತೆ. ಎಲ್ಲರಿಗೂ ಖುಷಿಯಾಯಿತು. ಇದೇ ನಿಜವಾದ ಬಣ್ಣ, ಇದನ್ನೇ ಮಾಡಿಸೋಣ ಎಂದರು.

ಅದೂ ನಿಜವಾದ ಬಣ್ಣವಲ್ಲ. ಅಗಸೆ ಎಣ್ಣೆಯಲ್ಲಿ, ಅದರಿಂದ ಮಾಡಿದ ಅಂಟಿನಲ್ಲಿ ಕಲಸಿದ ಬಣ್ಣಗಳಿಗೆ ಒಂದು ಗುಣವಿದೆ. ಬೆಳಕು ಕಾಣದ ಜಾಗದಲ್ಲಿ ಅವು ಹಳದಿಗೆ ತಿರುಗುತ್ತವೆ. ಗೋಡೆಗೆ ತೂಗುಹಾಕಿದ ಫೋಟೊ ಕೆಳಗಿಳಿಸಿದರೆ ಅದರ ಹಿಂದಿನ ಬಿಳಿ ಎಣ್ಣೆಬಣ್ಣ ಬೆಣ್ಣೆಯಂತೆ ಕಾಣುವುದು ಇದರಿಂದ. ಬೆಳಕಿಗೆ ಒಡ್ಡಿದರೆ ಆ ಹಳದಿ ಮೆಲ್ಲಗೆ ಇಳಿಯುತ್ತದೆ. ಬಿಜಾಗ್ರಿಯ ಅಡಿಯ ಜಾಗವನ್ನು ಮೂರು ವಾರ ಹಾಗೆಯೇ ತೆರೆದಿಟ್ಟೆವು. ಮೊದಲ ದಿನ ಪಾಚಿಯ ಛಾಯೆಯಿದ್ದ ಹಸಿರು ಮೂರು ವಾರದಲ್ಲಿ ತಿಳಿಯಾಯಿತು. ಬಣ್ಣ ಬಳಿದ ದಿನದ ಹಸಿರಿಗೆ ನಾವು ಹೋಗಬಹುದಾದಷ್ಟು ಹತ್ತಿರದ್ದು ಅದು.

ಆದರೆ ನಮಗೆ ಬೇಕಾದದ್ದು ಬಳಿದ ದಿನದ ಹಸಿರಲ್ಲ. ಮೇಲಿನ ಮುಕ್ಕಾಲು ಬಾಗಿಲು ಇಷ್ಟು ವರ್ಷ ಗಾಳಿ ಬಿಸಿಲಿನಲ್ಲಿ ನಿಂತಿದೆ. ಅದರ ಕಾಲಿಗೆ ಮೊದಲ ದಿನದ ಹಸಿರು ಬಳಿದರೆ ಮುದುಕರ ಕಾಲಿಗೆ ಹೊಸ ಬೂಟು ತೊಡಿಸಿದಂತಾಗುತ್ತದೆ. ತೇಪೆ ಹಾಕುವಾಗ ಹೊಂದಿಸಬೇಕಾದದ್ದು ಇವತ್ತಿನ ಬಣ್ಣಕ್ಕೆ. ಮನೆ ಪೂರ್ತಿ ಬಳಿಯುವಾಗ ಮಾತ್ರ ಮೊದಲ ದಿನದ ಬಣ್ಣವನ್ನು ಹುಡುಕಬೇಕು. ಅಂಗಡಿಗೆ ಹೋಗುವ ಮುಂಚೆ ನಿಮಗೆ ಬೇಕಾದದ್ದು ಯಾವ ದಿನದ ಬಣ್ಣ ಎಂಬುದನ್ನು ನಿರ್ಧರಿಸಿಕೊಳ್ಳದಿದ್ದರೆ ಎಷ್ಟು ಡಬ್ಬಿ ತಂದರೂ ವ್ಯರ್ಥ.

ಇವತ್ತಿನ ಬಣ್ಣ ಎಂದರೆ ಕೊಳೆಯ ಬಣ್ಣವೂ ಅಲ್ಲ. ಒದ್ದೆ ಬಟ್ಟೆಯಲ್ಲಿ ಬಾಗಿಲು ಒರೆಸಿದರೆ ಬಟ್ಟೆಗೆ ಹಸಿರು ಪುಡಿ ಅಂಟಿತು. ಬಿಸಿಲಿಗೆ ಬಣ್ಣದ ಅಂಟು ಸತ್ತು, ಬಣ್ಣದ ಕಣ ಮಾತ್ರ ಮೇಲೆ ಸೀಮೆಸುಣ್ಣದ ಹಾಗೆ ಉಳಿದಿರುತ್ತದೆ. ನೋಡುವವರಿಗೆ ಬಣ್ಣ ಮಾಸಿದಂತೆ ಕಾಣುತ್ತದೆ. ಅರ್ಧ ಮಾಸಿರುವುದು ನಿಜ, ಉಳಿದರ್ಧ ಈ ಪುಡಿ ಮತ್ತು ಅಡುಗೆಮನೆಯ ಹೊಗೆ. ಮೆದು ಬಟ್ಟೆ, ಸೌಮ್ಯವಾದ ಸೋಪುನೀರು, ಮೆಲ್ಲಗೆ ಒರೆಸಿ ಒಣಗಲು ಬಿಟ್ಟೆವು. ಒರೆಸಿದ ಬಟ್ಟೆಯನ್ನು ಬೇರೆಡೆ ಬಳಸಲಿಲ್ಲ. ಬಾಗಿಲು ಹತ್ತು ವರ್ಷ ಚಿಕ್ಕದಾದಂತೆ ಕಂಡಿತು. ಆಗ ಕಂಡ ಹಸಿರೇ ನಮ್ಮ ಗುರಿ.

ಬಾಗಿಲನ್ನು ಅಂಗಡಿಗೆ ಹೊತ್ತೊಯ್ಯುವಂತಿಲ್ಲ. ಅದೇ ಜಗಲಿಯ ಕಿಟಕಿಗೆ ಅದೇ ಡಬ್ಬಿಯ ಬಣ್ಣ ಬಳಿದಿತ್ತು, ಅಷ್ಟೇ ಬಿಸಿಲೂ ಬಿದ್ದಿತ್ತು. ಅದರ ಒಂದು ಕದ ಕಳಚಿ, ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಈ ಸಲ ಬೇರೆ ಅಂಗಡಿ. ಅಲ್ಲಿ ಬಣ್ಣ ಓದುವ ಉಪಕರಣವಿತ್ತು. ಸ್ಪೆಕ್ಟ್ರೋಫೋಟೋಮೀಟರ್ ಎಂಬ ದೊಡ್ಡ ಹೆಸರು, ಅಂಗೈಯಲ್ಲಿ ಹಿಡಿಯುವ ಚಿಕ್ಕ ವಸ್ತು.

ಅದು ಮಾಡುವುದು ಇಷ್ಟು. ತನ್ನದೇ ದೀಪದ ಬೆಳಕನ್ನು ಬಣ್ಣದ ಮೇಲೆ ಬಿಟ್ಟು, ಎಷ್ಟು ಹಿಂದಿರುಗಿತು ಎಂದು ಅಳೆಯುತ್ತದೆ. ಒಟ್ಟಾಗಿ ಅಲ್ಲ, ಒಂದೊಂದು ಅಲೆಯುದ್ದದಲ್ಲೂ ಬೇರೆ ಬೇರೆಯಾಗಿ. ನೇರಳೆಯ 400 ನ್ಯಾನೋಮೀಟರಿನಿಂದ ಕೆಂಪಿನ 700ರವರೆಗೆ, ಹತ್ತು ಹತ್ತಕ್ಕೆ ಒಂದರಂತೆ ಅಳೆದರೆ 31 ಅಂಕಿ ಸಿಗುತ್ತವೆ. ಆ ಅಂಕಿಗಳನ್ನು ಜೋಡಿಸಿ ಎಳೆದ ಗೆರೆಯೇ ಬಣ್ಣದ ಜಾತಕ. ಮನುಷ್ಯನ ಕಣ್ಣು ಬಣ್ಣ ಕಾಣುವ ಬಗೆಯನ್ನು ಅಂತಾರಾಷ್ಟ್ರೀಯ ಬೆಳಕಿನ ಆಯೋಗ ಅಂಕಿಯಲ್ಲಿ ಹಿಡಿದದ್ದು 1931ರಲ್ಲಿ. ಬೆರೆಸಿದ ಬಣ್ಣ ಬೆಳಕನ್ನು ಎಷ್ಟು ಹೀರುತ್ತದೆ, ಎಷ್ಟು ಚದುರಿಸುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನು ಕುಬೆಲ್ಕಾ ಮತ್ತು ಮುಂಕ್ ಎಂಬಿಬ್ಬರು ಬರೆದದ್ದೂ ಅದೇ ವರ್ಷ. ಇವತ್ತು ಅಂಗಡಿಯ ಕಂಪ್ಯೂಟರು 'ಇಷ್ಟು ಕಪ್ಪು, ಇಷ್ಟು ಹಳದಿ ಆಕ್ಸೈಡ್, ಇಷ್ಟು ಹಸಿರು' ಎಂದು ಪಾಕ ಹೇಳುವಾಗ ಒಳಗೆ ನಡೆಯುವುದು ಅದೇ ಲೆಕ್ಕ. ಎರಡು ಬಣ್ಣಗಳ ನಡುವಿನ ಅಂತರಕ್ಕೂ ಒಂದು ಅಂಕಿಯಿದೆ, ಡೆಲ್ಟಾ ಇ ಎನ್ನುತ್ತಾರೆ. ಅದು ಒಂದರ ಆಸುಪಾಸಿನಲ್ಲಿದ್ದರೆ ಸಾಮಾನ್ಯ ಕಣ್ಣಿಗೆ ಭೇದ ಕಾಣುವುದು ಕಷ್ಟ. ಕೇಳಿ ನೋಡಿ, ಒಳ್ಳೆಯ ಅಂಗಡಿಯವರು ಆ ಅಂಕಿ ತೋರಿಸುತ್ತಾರೆ.

ಅಂಕಿ ಚೆನ್ನಾಗಿಯೇ ಬಂತು. ಬಣ್ಣ ಬೆರೆಸಿ ಕಾರ್ಡಿಗೆ ಹಚ್ಚಿ ಕದದ ಪಕ್ಕ ಹಿಡಿದರೆ ಅಂಗಡಿಯೊಳಗೆ ಎರಡೂ ಒಂದೇ. ಆದರೆ ಮೊದಲ ಸಲ ಮೋಸ ಹೋದವನು ನಾನು. ಎರಡನ್ನೂ ಹಿಡಿದು ರಸ್ತೆಗೆ ಬಂದೆ. ಹೊರಗಿನ ಬೆಳಕಿನಲ್ಲಿ ಹೊಸದು ಒಂದು ಎಳೆ ನೀಲಿಯಾಗಿತ್ತು.

ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ನಮ್ಮ ಕಣ್ಣಿಗೆ 31 ಅಂಕಿ ಬೇಕಿಲ್ಲ. ಅದು ಬಣ್ಣವನ್ನು ಮೂರೇ ಬಗೆಯ ಜೀವಕೋಶಗಳಿಂದ ಅಳೆಯುತ್ತದೆ. ಹಾಗಾಗಿ ಎರಡು ಬೇರೆ ಬೇರೆ ಜಾತಕಗಳು ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದೇ ಉತ್ತರ ಕೊಡಬಹುದು, ಬೆಳಕು ಬದಲಾದ ಕೂಡಲೇ ಬೇರೆ ಬೇರೆ ಉತ್ತರ ಕೊಡಬಹುದು. ಸಾಮಾನು ಅದೇ ಆಗಿದ್ದರೆ ಈ ತಾಪತ್ರಯವಿಲ್ಲ. ಕ್ರೋಮ್ ಹಸಿರಿನ ಜಾಗಕ್ಕೆ ಥ್ಯಾಲೋಸಯನಿನ್ ಹಸಿರು ಬಂದಾಗ ಇದು ಬಂದೇ ಬರುತ್ತದೆ. ಕಾರ್ಖಾನೆಯವರು ಅದಕ್ಕೆಂದೇ ಒಂದೇ ಬಣ್ಣವನ್ನು ಎರಡು ಮೂರು ಬಗೆಯ ಬೆಳಕಿನಲ್ಲಿ ನೋಡುತ್ತಾರೆ. ಹಗಲ ಬೆಳಕಿಗೆ ಡಿ65 ಎಂಬ ಮಾದರಿ, ಸುಮಾರು 6500 ಕೆಲ್ವಿನ್. ಹಳೆಯ ಬಲ್ಬಿನ ಹಳದಿ ಬೆಳಕಿಗೆ ಎ ಎಂಬ ಮಾದರಿ, 2856 ಕೆಲ್ವಿನ್. ಎಲ್ಲ ಬೆಳಕಿನಲ್ಲೂ ಪೂರ್ತಿ ಹೊಂದುವ ಬಣ್ಣ ಈಗ ಸಾಧ್ಯವಿಲ್ಲದಿದ್ದರೆ ಯಾವ ಬೆಳಕಿನಲ್ಲಿ ಹೊಂದಬೇಕು ಎಂದು ನಾವೇ ಹೇಳಬೇಕು.

ನಮ್ಮ ಸೀಮೆಯ ಬೆಳಕು ಬೇರೆ. ಆಲೂರಿನಿಂದ ಹೇಮಾವತಿ ದಾಟಿ ಸಕಲೇಶಪುರಕ್ಕೆ, ಅಲ್ಲಿಂದ ಹೆತ್ತೂರು, ಬಿಸಿಲೆ ಘಾಟಿಯ ಕಡೆಗೆ ಹೋದಂತೆ ಮಳೆಯೂ ಏರುತ್ತದೆ, ಮೋಡವೂ ಇಳಿಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಮನೆಯ ಮುಂದೆ ಬೀಳುವುದು ಮೋಡದಿಂದ ಸೋಸಿ ಬಂದ ತಣ್ಣನೆಯ ನೀಲಿ ಬೂದು ಬೆಳಕು. ಮನೆಯ ಸುತ್ತ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಎಲೆಯ ಮೇಲಿಂದ ಚಿಮ್ಮುವ ಬೆಳಕಿಗೆ ಎಲೆಯ ಹಸಿರೂ ಸೇರಿಕೊಳ್ಳುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಚೆನ್ನಾಗಿ ಕಂಡ ಕೆನೆಬಣ್ಣ ಇಲ್ಲಿ ಕಾಯಿಲೆಯವರ ಮುಖದ ಹಾಗೆ ಕಾಣುವುದು ಇದರಿಂದಲೇ. ಹೊಸ ಬಂಗಲೆ, ಹೋಂಸ್ಟೇ ಕಟ್ಟಿಸುವವರು ಬೆಂಗಳೂರಿನ ಅಂಗಡಿಯಲ್ಲಿ ಬಣ್ಣ ಆರಿಸುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡಡಿ ಹಲಗೆಗೆ ಬಣ್ಣ ಹಚ್ಚಿ, ಬಳಿಯಬೇಕಾದ ಗೋಡೆಗೇ ಆನಿಸಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ಮೋಡ ಕವಿದಾಗ, ಸಂಜೆ ದೀಪ ಹಾಕಿದಾಗ ನೋಡಬೇಕು. ಒಂದು ದಿನದ ಕೆಲಸ ಅಷ್ಟೆ.

ಯಂತ್ರ ಕೊಟ್ಟದ್ದನ್ನು ಸರಿಮಾಡಿದ್ದು ಬಣ್ಣ ಬಳಿಯುವ ಅಣ್ಣ. ಅವರು ಯಂತ್ರ ಬರುವ ಮುಂಚಿನ ಕಾಲದ ಕೆಲಸಗಾರರು. ಒಂದು ಲೀಟರಿನಲ್ಲಿ ಕಾಲು ಭಾಗವನ್ನು ಬೇರೆ ಡಬ್ಬಿಗೆ ತೆಗೆದುಕೊಂಡರು. ಪೂರ್ತಿ ಡಬ್ಬಿಯ ಮೇಲೆ ಪ್ರಯೋಗ ಮಾಡಬಾರದು ಎಂಬುದು ಅವರ ಮೊದಲ ನಿಯಮ. ಸ್ಟೇನರ್ ಟ್ಯೂಬಿನಿಂದ ಹಳದಿ ಆಕ್ಸೈಡನ್ನು ಬೆಂಕಿಕಡ್ಡಿಯ ತುದಿಯಲ್ಲಿ ತೆಗೆದು ಸೇರಿಸಿದರು, ಕಲಕಿದರು, ಕಾರ್ಡಿಗೆ ಹಚ್ಚಿದರು. ನೀಲಿಯ ಚುರುಕು ಇಳಿಸಲು ಕೆಂಪು ಆಕ್ಸೈಡ್ ಒಂದೇ ಒಂದು ಚುಕ್ಕೆ. ಕಪ್ಪು ಮುಟ್ಟಲಿಲ್ಲ. "ಕಪ್ಪು ಹಾಕಿದ್ರೆ ಹಸಿರು ಸಾಯುತ್ತೆ" ಎಂದರು. ಎಷ್ಟು ಕಡ್ಡಿ ಹಾಕಿದೆವೆಂದು ಗೋಡೆಯ ಮೇಲೆ ಗೀರಿಟ್ಟುಕೊಂಡರು, ಉಳಿದ ಮುಕ್ಕಾಲಿಗೆ ಅದೇ ಲೆಕ್ಕ. ಗಾಢ ಬಣ್ಣವನ್ನು ತಿಳಿ ಬಣ್ಣಕ್ಕೆ ಸೇರಿಸುತ್ತ ಹೋಗಬೇಕು, ತಿಳಿಯನ್ನು ಗಾಢಕ್ಕೆ ಸುರಿದರೆ ಡಬ್ಬಿಯ ಮೇಲೆ ಡಬ್ಬಿ ಬೇಕಾಗುತ್ತದೆ.

ಹಸಿಯಿದ್ದಾಗ ಅವರು ತೀರ್ಪು ಹೇಳಲಿಲ್ಲ. ಎನಾಮೆಲ್ ಒಣಗಿ ಗಟ್ಟಿಯಾಗುವ ತನಕ ಎರಡು ದಿನ ಕಾದರು. ಬಣ್ಣಗಳು ಒಣಗುವಾಗ ಒಂದೊಂದೂ ಒಂದೊಂದು ಕಡೆ ವಾಲುತ್ತವೆ. ಗೋಡೆಗೆ ಬಳಿಯುವ ಎಮಲ್ಷನ್ ಹಸಿಯಿದ್ದಾಗ ಹಾಲಿನ ಛಾಯೆಯಲ್ಲಿದ್ದು ಒಣಗಿದ ಮೇಲೆ ಗಾಢವಾಗುತ್ತದೆ. ಸುಣ್ಣ, ಡಿಸ್ಟೆಂಪರು ಇದಕ್ಕೆ ತಿರುಗುಮುರುಗು. ಹೊಳಪೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಬಾಗಿಲಿನ ಹೊಳಪು ಹೋಗಿರುವಾಗ ಪಕ್ಕದಲ್ಲಿ ಕನ್ನಡಿಯಂಥ ಎನಾಮೆಲ್ ಬಳಿದರೆ ಬಣ್ಣ ಒಂದೇ ಇದ್ದರೂ ಕಣ್ಣು ಒಪ್ಪುವುದಿಲ್ಲ. ಹೊಳಪು ಕಡಿಮೆಯಿರುವ ಸ್ಯಾಟಿನ್ ಎನಾಮೆಲನ್ನೇ ನಾವು ತಂದಿದ್ದೆವು. ಹೊಸ ಹಲಗೆಗೆ ಪ್ರೈಮರ್ ಕೊಟ್ಟು, ಕೆಳಗಿನ ಕೊಯ್ದ ಅಂಚಿಗೂ ಬಣ್ಣ ಕುಡಿಸಿದರು. ಮುಂದಿನ ಎರಚಲು ಮರದೊಳಗೆ ಇಳಿಯುವುದು ಆ ಅಂಚಿನಿಂದಲೇ. ಬಹಳ ಜನ ಮರೆಯುವ ಜಾಗ ಅದು.

ಗೋಡೆಯ ಕಥೆ ಬೇರೆ, ಬಾಗಿಲಿನದಕ್ಕಿಂತ ಹಳೆಯದು. ನಮ್ಮ ತೊಟ್ಟಿಯ ಸುತ್ತಿನ ಗೋಡೆಗಳು ಮಣ್ಣಿನವು, ಮೇಲೆ ಸುಣ್ಣದ ಗಾರೆ. ನಾನು ಹುಡುಗನಾಗಿದ್ದಾಗ ಒಳಕೋಣೆಗೆ ತಿಳಿ ನೀಲಿ ಹಸಿರಿನ ಒಂದು ಬಣ್ಣವಿತ್ತು. ಯಾವ ಶೇಡ್ ಕಾರ್ಡಿನಲ್ಲೂ ಅದು ಇರಲು ಸಾಧ್ಯವಿರಲಿಲ್ಲ, ಅದು ಡಬ್ಬಿಯಿಂದ ಬಂದದ್ದೇ ಅಲ್ಲ. ಸುಣ್ಣದ ನೀರಿಗೆ ಮೈಲುತುತ್ತ ಕರಗಿಸಿ ಹಾಕಿದ್ದು. ಕಾಫಿ ತೋಟ ಇರುವವರಿಗೆ ಈ ಬಣ್ಣ ಹುಟ್ಟಿನಿಂದ ಪರಿಚಿತ. ಎಲೆಯ ತುಕ್ಕು ರೋಗಕ್ಕೆ ಕಾಫಿಗೆ ಅರ್ಧ ಪರ್ಸೆಂಟ್, ಕೊಳೆರೋಗಕ್ಕೆ ಅಡಿಕೆಗೆ ಒಂದು ಪರ್ಸೆಂಟ್ ಬೋರ್ಡೊ ದ್ರಾವಣ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತ, ಅದೇ ಸುಣ್ಣ. ಒಂದು ಪರ್ಸೆಂಟಿನದಾದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಆ ಔಷಧದ ಆಕಾಶನೀಲಿ ಡ್ರಮ್ಮಿನ ಅಂಚಿನಲ್ಲಿ, ಆಳುಗಳ ಅಂಗಿಯ ಮೇಲೆ, ಮರದ ಕಾಂಡದ ಮೇಲೆ ಒಣಗಿರುವುದನ್ನು ಸಕಲೇಶಪುರದ ಯಾವ ಮಗು ನೋಡಿಲ್ಲ? ತೋಟದಲ್ಲಿ ಬೂಷ್ಟನ್ನು ಕೊಲ್ಲುವ ತಾಮ್ರ ಒದ್ದೆ ಗೋಡೆಯ ಮೇಲೂ ಬೂಷ್ಟನ್ನು ತಡೆಯುತ್ತದೆ. ಬಣ್ಣದ ಜೊತೆಗೆ ಔಷಧ. ವರ್ಷಗಳಾದಂತೆ ಗಾಳಿ ತಾಗಿ ಆ ನೀಲಿ ಮೆಲ್ಲಗೆ ಹಸಿರಿನ ಕಡೆ ಸರಿಯುತ್ತದೆ. ಹಾಗಾಗಿ ನನ್ನ ನೆನಪಿನ ನೀಲಿ ಹಸಿರು ಮೊದಲ ದಿನ ನೀಲಿಯಾಗಿಯೇ ಇದ್ದಿರಬೇಕು.

ಇಂಥ ಗೋಡೆಗೆ ಹಳೆಯ ಬಣ್ಣ ಬೇಕೆಂದರೆ ಅದೇ ಬಣ್ಣದ ಎಮಲ್ಷನ್ ಮಾಡಿಸಿ ಬಳಿಯುವುದು ತಪ್ಪು. ಯಂತ್ರ ಆ ಬಣ್ಣವನ್ನು ಸಲೀಸಾಗಿ ಕೊಡುತ್ತದೆ. ಗೋಡೆ ಅದನ್ನು ಉಳಿಸಿಕೊಳ್ಳುವುದಿಲ್ಲ. ಮಲೆನಾಡಿನ ಮಣ್ಣಿನ ಗೋಡೆ ಮಳೆಗಾಲದಲ್ಲಿ ನೆಲದಿಂದ ನೀರು ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಆ ಉಸಿರಾಟಕ್ಕೆ ಅಡ್ಡ ಬರುವುದಿಲ್ಲ. ಎಮಲ್ಷನ್ ಪ್ಲಾಸ್ಟಿಕ್ಕಿನ ತೆಳು ಪೊರೆ. ನೀರು ಹೊರಬರಲಾಗದೆ ಪೊರೆಯ ಹಿಂದೆ ನಿಂತು, ಬಣ್ಣ ಹಪ್ಪಳದಂತೆ ಉಬ್ಬಿ ಗಾರೆಯನ್ನೂ ಕಿತ್ತುಕೊಂಡು ಬೀಳುತ್ತದೆ. ನಮ್ಮ ಕಡೆ ಎಷ್ಟೋ ಒಳ್ಳೆಯ ಮನೆಗಳ ಗೋಡೆ ಈ ಇಪ್ಪತ್ತು ವರ್ಷದಲ್ಲಿ ಹೀಗೆ ಹಾಳಾದದ್ದನ್ನು ನೋಡಿದ್ದೇನೆ. ಸುಣ್ಣದ ಗೋಡೆಗೆ ಸುಣ್ಣವೇ ಆಗಬೇಕು.

ಸುಣ್ಣಕ್ಕೆ ಸೇರಿಸುವ ಬಣ್ಣವೂ ಸುಣ್ಣದ ಕ್ಷಾರ ತಡೆಯುವಂಥದ್ದಾಗಿರಬೇಕು. ಕೆಮ್ಮಣ್ಣು, ಕಾವಿ, ಕೆಂಪು ಮತ್ತು ಹಳದಿ ಆಕ್ಸೈಡುಗಳು ಗಟ್ಟಿ, ಅವು ಕಬ್ಬಿಣದ ಬಣ್ಣಗಳು. ಬಟ್ಟೆಗೆ ಹಾಕುವ ಅಲ್ಟ್ರಾಮರೀನ್ ನೀಲಿಯೂ ತಡೆಯುತ್ತದೆ. ಪ್ರಷ್ಯನ್ ನೀಲಿ ಸುಣ್ಣದಲ್ಲಿ ಕಂದಾಗಿ ಹೋಗುತ್ತದೆ, ಕ್ರೋಮ್ ಹಳದಿ ಕಿತ್ತಳೆಗೆ ತಿರುಗುತ್ತದೆ. ಬಾಗಿಲಿನಲ್ಲಿ ಅಷ್ಟು ವರ್ಷ ಬಾಳಿದ ಹಸಿರಿನ ಎರಡು ಸಾಮಾನುಗಳೂ ಗೋಡೆಯ ಮೇಲೆ ಬಾಳುವುದಿಲ್ಲ ಎಂಬುದು ನನಗೆ ಈಗಲೂ ಸೋಜಿಗ. ಮೈಲುತುತ್ತ ಬಳಸುವವರು ಅದು ವಿಷ ಎಂಬುದನ್ನು ಮರೆಯಬಾರದು. ಕೈಗೆ ಗವಸು, ಪ್ಲಾಸ್ಟಿಕ್ ಬಕೆಟ್ಟು ಬೇಕು, ತೊಳೆದ ನೀರು ಬಾವಿಗೂ ಕೆರೆಗೂ ಹೋಗಬಾರದು. ಅಡುಗೆಮನೆಗೆ, ಮಗು ಗೋಡೆ ನೆಕ್ಕುವಷ್ಟು ಎತ್ತರಕ್ಕೆ ಬೇಡ. ಅಳತೆಯನ್ನು ಅಂಗೈಯಗಲ ಜಾಗದಲ್ಲಿ ಬಳಿದು, ಪೂರ್ತಿ ಒಣಗಿಸಿಯೇ ನೋಡಬೇಕು. ಹಸಿ ಸುಣ್ಣ ನೋಡಿ ಬಣ್ಣ ಹೆಚ್ಚಾಯಿತೆಂದು ಹೆದರಿ ನೀರು ಬೆರೆಸಿದರೆ ಮರುದಿನ ಗೋಡೆ ಬೆಳ್ಳಗೆ ನಿಂತಿರುತ್ತದೆ.

ಕಾಲವನ್ನೂ ನೋಡಿಕೊಳ್ಳಬೇಕು. ದೀಪಾವಳಿಗೆ ಮನೆ ಬಳಿಯುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಘಟ್ಟದ ಮೇಲಿನ ಮನೆಯ ಗೋಡೆ ಅಷ್ಟರಲ್ಲಿ ಆರಿರುವುದಿಲ್ಲ, ಅದರ ಹಿಂದೆಯೇ ಅರೇಬಿಕಾ ಕುಯ್ಲು ಬರುತ್ತದೆ. ರೋಬಸ್ಟಾ ಕುಯ್ಲು ಮುಗಿದು, ಕಣ ಖಾಲಿಯಾಗಿ, ಹೂಮಳೆ ಬೀಳುವ ಮುಂಚಿನ ಕೆಲವು ವಾರಗಳೇ ನಮ್ಮ ಕಡೆ ಬಣ್ಣಕ್ಕೆ ಸರಿಯಾದ ಕಾಲ. ಯುಗಾದಿಗೆ ಮನೆ ಬಳಿಯುತ್ತಿದ್ದ ಹಿರಿಯರಿಗೆ ಇದು ಗೊತ್ತಿತ್ತು.

ನಮ್ಮ ಬಾಗಿಲಿನ ಕೆಲಸ ಮುಗಿದದ್ದು ಹೂಮಳೆಗೆ ನಾಲ್ಕು ದಿನ ಮುಂಚೆ. ದೊಡ್ಡಮ್ಮ ಹತ್ತಿರ ಹೋಗಿ, ಹೊಸ ಹಲಗೆ ಕೂಡಿದ ಗೆರೆಯನ್ನು ಬೆರಳಿನಿಂದ ಹುಡುಕಿದರು. ಕಣ್ಣಿಗೆ ಕಾಣದೆ ಬೆರಳಿನಿಂದ ಹುಡುಕಬೇಕಾಯಿತು. "ಹ್ಞೂಂ, ಇದೇ" ಎಂದು ಒಳಗೆ ಹೋದರು. ಕಂಪ್ಯೂಟರಿನ ಪಾಕ, ಅಣ್ಣ ಹಾಕಿದ ಕಡ್ಡಿಗಳ ಲೆಕ್ಕ, ತಾರೀಖು, ಬೇಸಿನ ಹೆಸರು ಎಲ್ಲವನ್ನೂ ಬಾಗಿಲ ಹಿಂದಿನ ದಾರಂದದ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಅದೇ ಬಣ್ಣ ಹಚ್ಚಿದ ಅಂಗೈಯಗಲದ ಒಂದು ಹಲಗೆ ತುಂಡು ಕಿಟಕಿಯ ಪಕ್ಕ, ಬೆಳಕು ಬೀಳುವಲ್ಲಿ ನೇತಾಡುತ್ತಿದೆ.

ಹಳೆಯ ಮನೆ ಬಿಚ್ಚುವವರು, ಬಾಗಿಲು ಮಾರುವವರು, ಗೋಡೆ ಕೆರೆದು ಹೊಸದು ಮಾಡುವವರು ನಮ್ಮ ಸುತ್ತ ಈಗ ಬಹಳ ಮಂದಿ. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಕೆಲಸದವರು ಬರುವ ಹಿಂದಿನ ದಿನ ಒಂದು ಚಿಲಕದ ಹಲಗೆಯನ್ನೋ, ಕಿಟಕಿಯ ಒಂದು ಪಟ್ಟಿಯನ್ನೋ, ಅಂಗೈಯಗಲ ಗಾರೆಯ ಚಕ್ಕೆಯನ್ನೋ ಬಣ್ಣ ಸಮೇತ ತೆಗೆದಿಡಿ. ಹಿಂದೆ ಮನೆಯ ಹೆಸರು, ಕೋಣೆ, ತಾರೀಖು ಬರೆಯಿರಿ. ಮಕ್ಕಳ ಕೈಗೆ ಸಿಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.